ಅಂಚಿನಲ್ಲಿ ಬರೆದದ್ದು

"ನನ್ ಮಗ್ಳು ಬರ್ಸಿದ್ ಕಾಗ್ದ ನಿಮ್ತಾವ ಐತಂತಲ್ಲವ್ವಾ. ಒಸಿ ಓದ್ಬುಡಿ, ಕೇಳ್ಕಂಡು ಹೊಂಟೋಯ್ತೀನಿ."

ತನ್ನೂರು ಕಲ್ಯದಿಂದ ಎರಡು ಬಸ್ಸು ಹತ್ತಿ ಇಳಿದು ರಾಮನಗರದ ಆ ಸಂಶೋಧನಾ ಕಚೇರಿಗೆ ಬಂದಿದ್ದ ಮಾರಕ್ಕ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಗಳು ಪುಟ್ಟಲಕ್ಷ್ಮಿ ಗುಡೇಮಾರನಹಳ್ಳಿಯಲ್ಲಿ ಗಂಡನ ಮನೆಯ ಬಾವಿಯಲ್ಲಿ ಹೆಣವಾಗಿ ಸಿಕ್ಕಿ ಐದು ತಿಂಗಳಾಗಿತ್ತು. ಕಾಲು ಜಾರಿತು ಎಂದರು ಮನೆಯವರು. ಅದಕ್ಕೆ ಸ್ವಲ್ಪ ದಿನ ಮೊದಲು ಯಾರೋ ಮೇಡಂ ಬಂದು ಅವಳನ್ನು ಮಾತಾಡಿಸಿ, ಎಲ್ಲ ಬರೆದುಕೊಂಡು ಹೋಗಿದ್ದರೆಂದು ಮಗಳ ಪಕ್ಕದ ಮನೆಯ ಯಲ್ಲಮ್ಮ ಮೊನ್ನೆ ಹೇಳಿದ್ದಳು.

ಆ ಮೇಡಂ ಸುಮನಾ. ಹದಿನಾರು ವರ್ಷಗಳಿಂದ ಈ ಕಡೆಯ ಹಳ್ಳಿಗಳಲ್ಲಿ ಕುಟುಂಬಗಳ ನೆಮ್ಮದಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದವಳು. ಹುಡುಗಿ ಸತ್ತಿದ್ದು ಅವಳಿಗೆ ಗೊತ್ತಾದದ್ದೇ ಈಗ. ಉತ್ತರ ಕೊಟ್ಟವರ ಕಾಗದವನ್ನು ಬೇರೆ ಯಾರಿಗೂ ತೋರಿಸುವಂತಿರಲಿಲ್ಲ. ಅದನ್ನು ಹೇಳಲು ಬಾಯಿ ತೆರೆದವಳು ಮಾರಕ್ಕನ ಮುಖ ನೋಡಿ, ಎದ್ದು ಬೀರುವಿನಿಂದ ಫೈಲು ತೆಗೆದು ಪ್ರಶ್ನೆ, ಉತ್ತರ ಒಂದೊಂದಾಗಿ ಓದತೊಡಗಿದಳು.

"ಮನೆಯಲ್ಲಿ ನಿಮ್ಮ ಮಾತಿಗೆ ಬೆಲೆ ಇದೆಯಾ? ಇದೆ. ಯಾರಾದರೂ ಬೈಯುವುದು, ಹೊಡೆಯುವುದು ಉಂಟಾ? ಇಲ್ಲ. ನಿಮ್ಮ ನೆಮ್ಮದಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ? ಒಂಬತ್ತು."

"ಕೇಳ್ವಾಗ ಪಕ್ಕದಲ್ಲಿ ಯಾರಾರ ಇದ್ರಾ?"

ಸುಮನಾ ತಲೆ ಎತ್ತಲಿಲ್ಲ. "ಅತ್ತೆ ಅವರೆಕಾಯಿ ಸುಲೀತಾ ಕೂತಿದ್ರು. ಗಂಡ ಬಾಗಿಲಲ್ಲಿ ನಿಂತಿದ್ರು."

ಹೆಂಗಸರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳಬೇಕು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದವಳು ಅವಳೇ. ಆ ದಿನ ಇನ್ನೂ ನಾಲ್ಕು ಮನೆ ಬಾಕಿಯಿತ್ತು.

"ಫೋನ್ ಮಾಡುದ್ರೆ ಅಳಿಯನೇ ಎತ್ಕತಿದ್ದ," ಎಂದಳು ಮಾರಕ್ಕ. "ಚೆನ್ನಾಗವ್ಳೆ, ಹೊಲ್ದತ್ರ ಹೋಗವ್ಳೆ ಅನ್ನೋನು. ಅಷ್ಟೇನಾ ಅವ್ವಾ, ಇನ್ನೇನೂ ಬರ್ಸಿಲ್ವಾ?"

ಕೊನೆಯ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಎರಡು ಸಾಲಿತ್ತು, ಸುಮನಾಳದೇ ಅಕ್ಷರ. ಅಷ್ಟೇ ಎಂದು ಫೈಲು ಮುಚ್ಚಿಬಿಡಬಹುದಿತ್ತು. ಒಂದು ಗಳಿಗೆ ಹಾಗೆ ಮಾಡಬೇಕೆಂದೂ ಅನ್ನಿಸಿತು. ಆಮೇಲೆ ಓದಿದಳು:

"ಹೊರಡುವಾಗ ಕಾರಿನ ಹತ್ತಿರ ಬಂದು ಕೇಳಿದಳು. ಕಲ್ಯದ ಕಡೆ ಹೋಯ್ತೀರಾ ಮೇಡಂ? ನಮ್ಮವ್ವಂಗೆ ಒಂದ್ಸಲ ಬಂದು ಕರ್ಕಂಡ್ ಹೋಗು ಅಂತ ಹೇಳ್ಬುಡ್ತೀರಾ?"

ಆಯ್ತು ಹೇಳ್ತೀನಿ ಎಂದಿದ್ದಳು ಸುಮನಾ. ವಾಪಸು ಬರುವಾಗ ಮಾಗಡಿಯಲ್ಲಿ ಊಟಕ್ಕೆಂದು ಮುಕ್ಕಾಲು ಗಂಟೆ ಕೂತಿದ್ದಳು. ಕಲ್ಯ ಅಲ್ಲಿಗೆ ಹತ್ತಿರವೇ. ಬಿಸಿಲಲ್ಲಿ ಅಲೆದು ತಲೆನೋವು ಬಂದಿತ್ತು, ನಾಳೆ ಹೋದರಾಯಿತು ಎಂದುಕೊಂಡಿದ್ದಳು. ನಾಳೆ ಬೇರೆ ಊರು, ಬೇರೆ ಮನೆಗಳು.

"ನಾನು ಬರಲಿಲ್ಲ ಅಮ್ಮ," ಎಂದಳು. "ಮರೆತುಬಿಟ್ಟೆ. ತಪ್ಪು ನಂದೇ."

ಮಾರಕ್ಕ ಬೈಯಲಿಲ್ಲ. ಮೇಜಿನ ತುದಿ ಹಿಡಿದುಕೊಂಡು ಕೇಳಿದಳು: "ಯಾವತ್ತು ಹೇಳುದ್ಲು?"

"ಜನವರಿ ಮೂರು."

ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಸರಿಸುತ್ತಾ ಮಾರಕ್ಕ ಲೆಕ್ಕ ಹಾಕಿದಳು. ತಪ್ಪಿತೇನೋ ಎಂಬಂತೆ ಮತ್ತೆ ಮೊದಲಿಂದ ಎಣಿಸಿದಳು. ಮಗಳು ಹೋಗಿದ್ದು ಇಪ್ಪತ್ತೊಂದಕ್ಕೆ.

"ಹದಿನೆಂಟು ದಿನ," ಎಂದಳು ಮೆಲ್ಲಗೆ. "ನಾನೆಲ್ಲೂ ಹೋಗಿರ್ಲಿಲ್ಲ ಕಣವ್ವಾ. ಮನೇಲೇ ಕುಂತಿದ್ದೆ."