ಎದುರು ತೊಟ್ಟಿಲು

ಒಪ್ಪಿಗೆ ಪತ್ರವನ್ನು ಶಂಕರಮ್ಮ ಪೂರ್ತಿ ಓದಲೇ ಇಲ್ಲ. ಹರಿದು ಮಾದಸ್ವಾಮಿಯ ಕಾಲ ಬಳಿ ಎಸೆದಳು. ಇದು ಮೂರನೆಯದು.

ಜಗಲಿಯ ಕೆಳಗೆ ನಿಂತಿದ್ದ ಅವನು ಬಗ್ಗಿ ಚೂರುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡ. ಕೋಪ ಮಾಡಿಕೊಳ್ಳಲಿಲ್ಲ. ಅದೇ ಅವಳನ್ನು ಇನ್ನಷ್ಟು ಕೆರಳಿಸಿತು.

ಒಂಬತ್ತು ವರ್ಷದ ಹಿಂದೆ, ಅರವತ್ತೊಂದನೇ ಇಸವಿಯಲ್ಲಿ, ಜಾತ್ರೆಯಲ್ಲಿ ಅವನ ರಂಕಲರಾಟೆಯ ತೊಟ್ಟಿಲಿನಿಂದ ಬಿದ್ದು ಅವಳ ಗಂಡ ಸದಾಶಿವಪ್ಪ ಸತ್ತಿದ್ದ. ಮದುವೆಯಾಗಿ ಎರಡೇ ತಿಂಗಳಾಗಿತ್ತು. ಮಾದಸ್ವಾಮಿಗೆ ಆರು ತಿಂಗಳು ಜೈಲಾಯಿತು. ರಾಟೆ ಮತ್ತೆ ತಿರುಗಲಿಲ್ಲ. ಬಿಚ್ಚಿಟ್ಟ ಅದರ ತೊಲೆಗಳ ಮೇಲೆ ಮಗ್ಗದ ಬೀದಿಯವರು ನೂಲು ಒಣಗಿಸುತ್ತಿದ್ದರು. ಈಗ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಅವನಿಗೆ ಪರವಾನಗಿ ಬೇಕು. ಸತ್ತವನ ಮನೆಯವರ ಒಪ್ಪಿಗೆ ತಂದರೆ ನೋಡೋಣ ಎಂದಿದ್ದರು ತಾಲ್ಲೂಕು ಕಚೇರಿಯವರು. ನಾಳೆಯೇ ಕಡೆಯ ದಿನ. ಸಿಗದಿದ್ದರೆ ತೊಲೆಗಳೆಲ್ಲ ಸೌದೆ ಡಿಪೋಗೆ.

ಊರಿಗೆ ಊರೇ ಅವನ ಪರವಾಗಿತ್ತು. ನಲ್ಲಿಯ ಹತ್ತಿರ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಹನೂರಿನ ಬಸ್ಸಿನಲ್ಲಿ, ಎಲ್ಲಿ ಹೋದರೂ ಯಾರಾದರೊಬ್ಬರು ರಾಟೆಯ ಮಾತು ತೆಗೆಯುತ್ತಿದ್ದರು. ತುದಿಗೇರಿದರೆ ಮರಡಿಗುಡ್ಡ ಕೈಗೆ ಸಿಗುವಂತಿರುತ್ತಿತ್ತಂತೆ. ಇಳಿಯುವಾಗ ಹೊಟ್ಟೆಯೊಳಗೆ ಏನೋ ಜುಮ್ಮೆನ್ನುತ್ತಿತ್ತಂತೆ. ಹಲ್ಲಿಲ್ಲದ ಮುದುಕಿಯರೂ ನೆನೆನೆನೆದು ನಗುತ್ತಿದ್ದರು. ಶಾಲೆಯಲ್ಲಿ ಪಾಠ ಮಾಡಿ ಬರುವ ಶಂಕರಮ್ಮ ಕಣ್ಣಿಗೆ ಬಿದ್ದರೆ ತಟ್ಟನೆ ಸುಮ್ಮನಾಗುತ್ತಿದ್ದರು. ಆ ಮೌನ ಅವಳಿಗೆ ನಗುವಿಗಿಂತ ಹೆಚ್ಚು ಉರಿ ಹತ್ತಿಸುತ್ತಿತ್ತು.

ಇದ್ದದ್ದು ನಾಲ್ಕೇ ತೊಟ್ಟಿಲು. ಯಂತ್ರವಿಲ್ಲ, ಮಾದಸ್ವಾಮಿಯ ತೋಳೇ ಯಂತ್ರ. ಜನರನ್ನು ಕಣ್ಣಲ್ಲೇ ತೂಗಿ, ಎದುರುಬದುರು ತೊಟ್ಟಿಲುಗಳಲ್ಲಿ ಭಾರ ಸಮವಾಗುವಂತೆ ಕೂರಿಸುತ್ತಿದ್ದ. ಡೊಳ್ಳುಹೊಟ್ಟೆಯ ರೇಷ್ಮೆ ವ್ಯಾಪಾರಿಗೆ ಎದುರಾಗಿ ಇಬ್ಬರು ಹುಡುಗಿಯರು, ಜೊತೆಗೊಂದು ಮರಳಿನ ಚೀಲ. ಯಾರನ್ನಾದರೂ ಇಳಿಸಬೇಕಾದರೆ ಮೊದಲು ಅವರ ಕಾಲ ಬಳಿ ಚೀಲ ಇಡುವನು, ಆಮೇಲೆ ಬೀಳದಂತೆ ಮುಂದೆ ಹಾಕಿದ ಅಡ್ಡಪಟ್ಟಿಯ ಅಗುಳಿ ತೆಗೆಯುವನು. ಈ ಕ್ರಮ ತಪ್ಪಿತೋ, ಕೆಳಗಿನ ಖಾಲಿ ತೊಟ್ಟಿಲು ಮೇಲಕ್ಕೆ ಹಾರಿ, ಮೇಲಿನದು ಕಲ್ಲಿನಂತೆ ಕೆಳಗೆ ಬರುತ್ತಿತ್ತು.

ಅಂದು ಗಂಡ ಹೆಂಡತಿ ಒಂದೇ ತೊಟ್ಟಿಲಲ್ಲಿ ಕೂತಿರಲಿಲ್ಲ. ಅತ್ತೆ ದೊಡ್ಡಬಸಮ್ಮ ಕೆಳಗೇ ನಿಂತಿದ್ದಳು. ಹಿರಿಯರ ಎದುರು ಹೊಸ ಮದುಮಕ್ಕಳು ಮೈಗೆ ಮೈ ತಾಗಿಸಿ ಕೂರುವುದುಂಟೆ? ಅವನೊಂದರಲ್ಲಿ, ಅವಳು ಅದರ ಎದುರಿನದರಲ್ಲಿ. ಅವಳನ್ನು ಇಳಿಸಲೆಂದು ರಾಟೆ ನಿಂತಾಗ ತುದಿಯಲ್ಲಿದ್ದ ಸದಾಶಿವಪ್ಪ ಹುಮ್ಮಸ್ಸಿನಲ್ಲಿ ಅವಳ ಹೆಸರು ಹಿಡಿದು ಕೂಗಿಬಿಟ್ಟ. ಬಯಲಲ್ಲಿದ್ದ ಜನವೆಲ್ಲ ಗೊಳ್ಳೆಂದು ನಕ್ಕಿತು. ನಾಚಿಕೆಗೂ ಸಿಟ್ಟಿಗೂ ಅವಳ ಮುಖ ಕೆಂಡವಾಯಿತು. ಮರುಗಳಿಗೆ ಅವನು ನೆಲದ ಮೇಲಿದ್ದ.

ಚೀಲ ಇಡುವುದನ್ನು ಮರೆತು ಅಗುಳಿ ತೆಗೆದು ಅವಳನ್ನು ಇಳಿಸಿಬಿಟ್ಟೆ ಎಂದು ಮಾದಸ್ವಾಮಿ ಕೋರ್ಟಿನಲ್ಲಿ ಒಪ್ಪಿಕೊಂಡ. ಗೋಡೆ ನೋಡುತ್ತಿದ್ದ ಹತ್ತೊಂಬತ್ತರ ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ.

"ನಾಲ್ಕನೆಯದು ತಂದರೂ ಹರಿದು ಹಾಕ್ತೀನಿ," ಎಂದಳು ಶಂಕರಮ್ಮ.

"ಹರೀರಿ ತಾಯಿ. ಬರ್ಕೊಡೋನು ನನ್ ಭಾಮೈದ. ಅವ್ನ್‌ಗೂ ಬ್ಯಾರೆ ಕ್ಯಾಮೆ ಇಲ್ಲ."

ಅವಳು ಜಗಲಿಯ ಅಂಚಿಗೆ ಬಂದಳು. "ನಮ್ಮತ್ತೆ ಎದುರಿಗೇ ಹೇಳು. ಅವತ್ತು ಅಗುಳಿ ತೆಗೆದೋರು ಯಾರು?"

ಮಾದಸ್ವಾಮಿ ಹೊಸ್ತಿಲ ಕಡೆ ನೋಡಿದ. ದೊಡ್ಡಬಸಮ್ಮ ಅಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

"ನಾನೇ ಕಣವ್ವ. ಕೋರ್ಟಲ್ಲೇ ಯೋಳಿದ್ದೀನಲ್ಲ."

"ಇನ್ನೊಂದು ಸಲ ಯೋಚನೆ ಮಾಡಿ ಹೇಳು."

"ನೂರು ಸಲ ಕೇಳುದ್ರೂ ಅಷ್ಟೇಯ. ನೀವಿನ್ನೂ ಬಾಳ್ಬೇಕಾದೋರು. ಅದನ್ನ ಅಲ್ಲಿಗೇ ಬುಟ್ಬುಡಿ."

ಅವಳ ಮೈಯೆಲ್ಲ ಉರಿದುಹೋಯಿತು. ಹೇಗೆ ಬಾಳಬೇಕೆಂದು ಇವನಿಂದ ಕಲಿಯಬೇಕೆ? ಜೈಲಿನಿಂದ ಬಂದ ಮೇಲೆ ಮೂಟೆ ಹೊತ್ತು ಬೆನ್ನು ಬಾಗಿತ್ತೇ ಹೊರತು ಒಂದು ದಿನವೂ ತಲೆ ತಗ್ಗಿಸಿದವನಲ್ಲ. ದಾರಿಯಲ್ಲಿ ಸಿಕ್ಕರೆ ಊಟವಾಯಿತೇ ಎಂದು ಕೇಳುತ್ತಿದ್ದ, ಮನೆಯ ಹಿರಿಯನಂತೆ. ಆ ಅಕ್ಕರೆಯನ್ನು ಅವನ ಮುಖಕ್ಕೇ ಎಸೆಯಬೇಕು ಎನ್ನಿಸುತ್ತಿತ್ತು ಅವಳಿಗೆ.

ದೊಡ್ಡಬಸಮ್ಮ ಮೊರ ಪಕ್ಕಕ್ಕಿಟ್ಟಳು. ಈ ಒಂಬತ್ತು ವರ್ಷ ಸೊಸೆಯ ಮೇಲೆ ಒಂದು ಮಾತು ಬೀಳಲು ಅವಳು ಬಿಟ್ಟಿರಲಿಲ್ಲ. ಕಾಲ್ಗುಣ ಸರಿಯಿಲ್ಲ ಎಂದ ಸ್ವಂತ ನಾದಿನಿಯನ್ನು ಅಂಗಳದಿಂದಲೇ ಹಿಂದಕ್ಕೆ ಕಳಿಸಿದ್ದಳು. ನೆಂಟರೆಲ್ಲ ಬೇಡವೆಂದರೂ ಮೈಸೂರಿಗೆ ಕಳಿಸಿ ಕಾಲೇಜು ಓದಿಸಿದ್ದಳು. ಈಗಲೂ ರಾತ್ರಿ ಸೊಸೆ ಉಂಡ ಮೇಲೆಯೇ ಅವಳ ಊಟ.

"ನೋಡು ಮಾದಸ್ವಾಮಿ," ಎಂದಳು ಮುದುಕಿ, "ಇವ್ಳು ಹ್ಞೂಂ ಅಂದಿದ್ರೆ ನಾನು ಕಣ್ಮುಚ್ಕಂಡು ಹೆಬ್ಬೆಟ್ಟು ಒತ್ತುತಿದ್ದೆ. ಇವ್ಳು ಒಲ್ಲೆ ಅಂದ್ಮ್ಯಾಲೆ ಮುಗೀತು. ನನ್ ಮಗನ್ನ ತಿಂದೋನು ನೀನು. ಇನ್ನೊಂದ್ ದಪ ಈ ಜಗಲಿ ತಾವ್ಕೆ ಬರ್ಬ್ಯಾಡ."

ಮಾದಸ್ವಾಮಿ ತಲೆಯಾಡಿಸಿದ. ಟವೆಲನ್ನು ಹೆಗಲಿಗೆ ಹಾಕಿಕೊಂಡು ತಿರುಗಿದ. ಒಂದು ಎದುರು ಮಾತಾದರೂ ಆಡಬಾರದೆ ಇವನು? ಶಂಕರಮ್ಮನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ನಿಲ್ಲು," ಎಂದಳು. ಒಳಗೆ ಹೋಗಿ ಶಾಲೆಯ ಪುಸ್ತಕದಿಂದ ಒಂದು ಹಾಳೆ ಹರಿದು ತಂದು, ಜಗಲಿಯ ಮೇಲೆಯೇ ಕೂತು ಬರೆದಳು. ಪೆನ್ನಿನ ಮೊನೆ ಎರಡು ಕಡೆ ಕಾಗದವನ್ನು ತೂತು ಮಾಡಿತು. ಅಕ್ಷರ ಬಾರದ ಮಾದಸ್ವಾಮಿ ಅವಳ ಮುಖ ನೋಡಿಯೇ ಹೆದರಿದ.

"ಬ್ಯಾಡ ತಾಯಿ. ಸೌದೆ ಆದ್ರೆ ಆಗ್ಲಿ. ಕೈ ಮುಗೀತೀನಿ."

ಅವಳು ಅವನತ್ತ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ, ತರಗತಿಯಲ್ಲಿ ಪಾಠ ಓದುವವಳಂತೆ, ಒಂದೊಂದು ಪದವನ್ನೂ ಬಿಡಿಸಿ ಗಟ್ಟಿಯಾಗಿ ಓದಿದಳು:

"ದಿವಂಗತ ಸದಾಶಿವಪ್ಪನವರ ಹೆಂಡತಿ ಶಂಕರಮ್ಮ ಬರೆದುಕೊಡುವುದೇನೆಂದರೆ, ಅಂದು ಮಾದಸ್ವಾಮಿ ಮರಳಿನ ಚೀಲ ತರುವುದರೊಳಗೆ ಅಗುಳಿ ಕಿತ್ತು ಕೆಳಕ್ಕೆ ಧುಮುಕಿದವಳು ನಾನು."