ಶಾವಂತ್ರೆವ್ವನ ಕಿಟಕಿ

ಮದುವೆ ಮುಗಿದ ಮರುದಿನ ಎಲ್ಲರೂ ಮನೆಯ ಕಿಟಕಿ ತೆರೆದು ಹಿಂದಿನ ದಿನದ ಗದ್ದಲವನ್ನು ಹೊರಗೆ ಬಿಡುತ್ತಾರೆ. ಇಲ್ಲದಿದ್ದರೆ ಅದು ಒಳಗೇ ಉಳಿದು ಮತ್ತೆ ಮತ್ತೆ ಕೇಳುತ್ತದೆ. ನಾವು ಮಾತ್ರ ಗದಗಿನ ನಮ್ಮ ಹತ್ತಿ ಗೋದಾಮಿನ ಕಿಟಕಿಯನ್ನು ನಾಲ್ಕು ವರ್ಷಗಳಿಂದ ತೆರೆದಿಲ್ಲ. ತತ್ವಪದಕ್ಕೆ ಗಿಟಾರು, ಡ್ರಮ್ಸು ಕೂಡಿಸಿ ಊರೂರು ಕುಣಿಸಿದ ನಮ್ಮ ಬ್ಯಾಂಡಿನ ಗಾಯಕಿ ಶಾವಂತ್ರೆವ್ವ ಸಾಯುವ ಮುಂಚೆ ಕೊನೆಯ ಪದ ಹಾಡಿದ್ದು ಅಲ್ಲೇ. ಹೊಸ ಗಾಯಕಿ ಆ ಪದ ಕಲಿತ ದಿನ ಕಿಟಕಿ ತೆರೆಯುವುದೆಂದು ನಮ್ಮೊಳಗೆ ಮಾತಾಗಿತ್ತು.

ಇಂದು ಆ ಪದ ಕಲಿಯಲೆಂದು ದಿಲಶಾದಳನ್ನು ಕರೆತಂದೆವು. ಬಾಗಿಲನ್ನು ಚೂರೇ ಸರಿಸಿ ಒಳಗೆ ನುಸುಳಿ, ಸದ್ದು ಮಾಡದೆ ಕುಳಿತೆವು. ನಾಲ್ಕು ವರ್ಷದ ಹಿಂದೆ ನಾನು ನುಡಿಸಿದ ಗಿಟಾರು ಗುರ್ರೆಂದಿತು. ಅದರ ಮೇಲೇರಿ ಬಂತು ಶಾವಂತ್ರೆವ್ವನ ಒಡಕು ಕಂಠ. ಪದ ಮುಗಿದ ಮೇಲೆ ನನಗೆ ಎಂದಿನ ಅದೇ ಮಾತು: "ಈರಣ್ಣಾ, ಭಾಳ ಶಕಿ ಆಗೇತಿ. ಕಿಡಕಿ ತಗಿಯೋ."

ದಿಲಶಾದ ತಟ್ಟನೆ ಎದ್ದು ಅಗುಳಿಗೆ ಕೈ ಹಾಕಿದಳು. ಡ್ರಮ್ಸ್ ಬಾರಿಸುವ ಫಕೀರಪ್ಪ ಆ ಕೈ ತಡೆದು ಅವಳನ್ನು ಹೊರಗೆ ಕರೆತಂದ.

"ಅಕ್ಕಾರಿಗೆ ಶಕಿ ಆಗೇತಲ್ರೀ," ಎಂದಳು.

"ಮೊದಲ ಹಾಡಿ ತೋರ್ಸು," ಎಂದೆ.

ಬೇವಿನ ಮರದ ಕೆಳಗೆ ನಿಂತು ಹಾಡಿದಳು. ಒಂದೇ ಸಲ ಕೇಳಿದ್ದಕ್ಕೆ ಆ ಒಡಕು, ಸಾಲಿನ ಕೊನೆಯ ಆ ಎಳೆತ, ಎಲ್ಲ ಬಂದಿತ್ತು. ಫಕೀರಪ್ಪ ಕಣ್ಣೊರೆಸಿಕೊಂಡ.

"ಈಗ ಕಿಡಕಿ ತಗೀಲೇನ್ರಿ?"

"ಒಂದ ಕಡೆ ತಪ್ಪೇತಿ," ಎಂದೆ. "ಮುಂದಿನ ವಾರ ಬಂದು ಮತ್ತ ಕೇಳು."

ಫಕೀರಪ್ಪ ನನ್ನ ಮುಖ ನೋಡಲಿಲ್ಲ. ಹೋದ ವರ್ಷ ಬಂದಿದ್ದ ಹುಡುಗಿಗೂ ನಾನು ಇದನ್ನೇ ಹೇಳಿದ್ದೆ. ಅವಳೂ ಎಲ್ಲೂ ತಪ್ಪಿರಲಿಲ್ಲ.