ಲೆಕ್ಕ ಸರಿ, ಗಂಡ ಬೇರೆ

ನದೀತೀರದ ಆ ಪುರಾತನ ಪಟ್ಟಣವನ್ನು ಅರ್ಧ ದಿನದಲ್ಲೇ ಸುತ್ತಿಸಿ, ಕೋಟೆ, ನೇಕಾರರ ಬೀದಿ, ಸಂಗ್ರಹಾಲಯ ಎಲ್ಲ ತೋರಿಸಿ, ಗೈಡ್ ಪ್ರವಾಸಿಗರನ್ನು ಲಾಂಚಿಗೆ ಹತ್ತಿಸಿ ತಲೆ ಎಣಿಸಿದ.

"ನಲವತ್ತು. ಸರಿಯಾಗಿದೆ, ಹೊರಡೋಣ."

"ನಿಲ್ಲಿಸಪ್ಪಾ!" ಅನಸೂಯಮ್ಮ ಗಾಬರಿಯಿಂದ ಎದ್ದರು. "ನನ್ನ ಪಕ್ಕ ಕೂತಿರೋರು ನಮ್ಮ ಯಜಮಾನ್ರಲ್ಲ!"

"ಲೆಕ್ಕ ಸರಿಯಾಗಿದೆಯಲ್ಲಮ್ಮ?"

"ಲೆಕ್ಕ ಸರಿ, ಗಂಡ ಬೇರೆ!"

"ಹಾಗಾದ್ರೆ ನಿಮ್ಮೋರು ನಮ್ಮ ಇನ್ನೊಂದು ಲಾಂಚ್ ಹತ್ತಿರ್ತಾರೆ. ಅದಿನ್ನೂ ಹೊರಟಿಲ್ಲ. ಇಳೀರಿ, ಈಗಲೇ ಬದಲಾಯಿಸಿ ಕೊಡ್ತೀನಿ."

ಪಕ್ಕದಲ್ಲಿದ್ದ ಅಪರಿಚಿತರು ಸಂಕೋಚದಿಂದ ಎದ್ದು ನಿಂತರು. "ಕ್ಷಮಿಸಿ, ತಪ್ಪು ನಂದೇ. ಬೆಳಿಗ್ಗೆಯಿಂದ ನಡೆದು ನಿಮಗೂ ಕಾಲು ನೋಯ್ತಿರಬೇಕು. ಕಿಟಕಿ ಹತ್ರ ಕೂತ್ಕೊಳ್ಳಿ, ನಾನೇ ಇಳೀತೀನಿ."

ಅನಸೂಯಮ್ಮ ತಮ್ಮ ಮೂವತ್ತೊಂದು ವರ್ಷದ ಸಂಸಾರವನ್ನು ಒಂದು ಕ್ಷಣ ನೆನೆದು, ಕಿಟಕಿಯ ಪಕ್ಕ ಕೂತರು.

"ನೀವೂ ಕೂತ್ಕೊಳ್ಳಿ," ಎಂದು ಅವರಿಗೆ ಹೇಳಿ, ಗೈಡ್ ಕಡೆ ತಿರುಗಿದರು. "ಹೊತ್ತಾಯ್ತು, ಲಾಂಚ್ ಬಿಡಪ್ಪ."